ಉದ್ಯಮಬಾಗದಾಗ ಪೆಲೆಟ್ ಗ್ರಿಲ್ ತಯಾರಾದ್ರ ತಗೊಳ್ಳಾವ್ರು ಯಾರು?

ಲೇತ್ ಮಾಸ್ತರ
ಬೆಳಗಾವಿ ಉದ್ಯಮಬಾಗದ ಒಂದು ಸಣ್ಣ ವರ್ಕ್‌ಶಾಪ್‌ನಾಗ ಪೆಲೆಟ್ ಗ್ರಿಲ್‌ನ ಮಾದರಿ ತಯಾರಾಗೇತ್ರಿ. ಇದು ಮಾಂಸ ಸುಡೋ, ಬೇಯಿಸೋ ಒಲಿ. ಇನ್ನೂ ನೋಡಲಾರದವರಿಗೆ ಚುಟುಕಾಗಿ ಹೇಳತೀನಿ. ಬಾಜೂಕ ಒಂದು ಹಾಪರ್, ಅದರಾಗ ಕಟ್ಟಿಗಿ ಪುಡಿ ಒತ್ತಿ ಮಾಡಿದ 6 ಮಿಮೀ ದಪ್ಪದ ಪೆಲೆಟ್. ಹಾಪರ್ ತಳದಾಗ ಆಗರ್, ಅಂದ್ರ ಸ್ಕ್ರೂ. ಅದು ಮೆತ್ತಗ ತಿರುಗಿ ಪೆಲೆಟ್ ಅನ್ನ ಬೆಂಕಿ ಬಟ್ಟಲಿಗೆ ನೂಕತೈತಿ. ಬಟ್ಟಲಿನಾಗ ಹೊತ್ತಿಸೋ ಹೀಟರ್ ರಾಡ್, ಹಿಂದ ಗಾಳಿ ಊದೋ ಫ್ಯಾನ್. ಮ್ಯಾಲ ಉರಿ ತಡಿಯೋ ದಪ್ಪ ಪತ್ರಾ, ಅದರ ಮ್ಯಾಲ ಜಿಡ್ಡು ಹರಿಯೋ ಇಳಿಜಾರು ತಟ್ಟಿ, ಆಮ್ಯಾಲ ಜಾಳಗಿ. ಒಳಗಿನ ಶಾಖ ಸೆನ್ಸರ್ ನೋಡಿ ಕಂಟ್ರೋಲರ್ ಆಗರ್ ಮತ್ತ ಫ್ಯಾನ್ ನಡಸತೈತಿ. ಮಂದಿ ಕೆಂಡ ಕೆದರೋದು, ಗಾಳಿ ಬೀಸೋದು ಏನೂ ಇಲ್ಲ.

ಈ ಮಾದರಿಯೊಳಗ 24 ವೋಲ್ಟ್ ಡಿಸಿ ಗೇರ್ ಮೋಟರ್, ಶಾಖ ಅಳಿಯೋ ಪಿಟಿ100 ಸೆನ್ಸರ್, ಶಾಖ ಒಂದ ಮಟ್ಟದಾಗ ಹಿಡಿಯೋ ಪಿಐಡಿ ಕಂಟ್ರೋಲರ್, 3 ಮಿಮೀ ಎಂಎಸ್ (ಸಾದಾ ಉಕ್ಕು) ಬಾಡಿ, 310 ಗ್ರೇಡ್ ಸ್ಟೀಲಿನ ಬಟ್ಟಲಾ ಅದಾವ. 240 ಡಿಗ್ರಿ ತನಕ ಹೋಗತೈತಿ. ಮಾರೋ ರೇಟ್ 60 ಸಾವಿರದ ಸುತ್ತ ಹಿಡದಾರ. ಇದು ನಮ್ಮ ಕಡೆ ನಡೀತೈತೇನು? ಮನಿಗೋ, ಹೋಟೆಲ್ಲಿಗೋ? ಪೆಲೆಟ್ ಎಲ್ಲಿಂದ ತರೋದು? ತಿಳಿದವರು ಹೇಳ್ರಿ.

ಖಡಕ್ ರೊಟ್ಟಿ
ಇದ್ದಲಿ ಚೀಲ ಮೂಲ್ಯಾಗ ಬಿದ್ದಿರತೈತಿ, ತಂದೂರ್ ಭಟ್ಟಿ ಮುಂದ ನಿಂತಿರತೈತಿ. 60 ಸಾವಿರ ಯಾಕ ಕೊಡ್ತಾರ್ರಿ?

ಘಟಪ್ರಭಾ ದಂಡಿ
@ಖಡಕ್ ರೊಟ್ಟಿ ಎರಡರ ಕೆಲಸಾನ ಬ್ಯಾರೆ ಐತ್ರಿ. ತಂದೂರ್ ಗ್ವಾಡಿ 300ರಿಂದ 450 ಡಿಗ್ರಿ ಮುಟ್ಟತೈತಿ, ರೊಟ್ಟಿ ಒಂದೂವರಿ ನಿಮಿಷದಾಗ ಬಿಡತೈತಿ. ಪೆಲೆಟ್ ಗ್ರಿಲ್ ಇರೋದು 110–120 ಡಿಗ್ರಿಯೊಳಗ ನಾಕೈದು ತಾಸು ಕುರಿ ತೊಡಿ ಬೇಯಿಸಾಕ, ಇಲ್ಲಾ 180ರಾಗ ಇಡೀ ಕೋಳಿ ಸುಡಾಕ. ಇದರಾಗ ತಂದೂರಿ ರೊಟ್ಟಿ ಮಾಡತೀನಂದ್ರ ಆಗಾಂಗಿಲ್ಲ. ಟಿಕ್ಕಾಕ್ಕ ಕರಿ ಅಂಚು ಬರಬೇಕಂದ್ರೂ ಕಷ್ಟ, ಯಾಕಂದ್ರ ಉರಿ ನೇರ ತಾಗೂದಿಲ್ಲ, ನಡಬರಕ ಪತ್ರಾ ಐತಿ.

ಮಾರುವಾಗ "ತಂದೂರಿಗೆ ಬದಲಿ" ಅಂತ ಹೇಳಿದ್ರ ಮೊದಲ ವಾರಾನ ಮಷೀನ್ ವಾಪಸ್ ಬರತಾವ.

ಗುಮ್ಮಟದೂರು
ಅಮೆರಿಕಾದಾಗ ಇದರ ಕಥಿ ಏನಾತು ಅನ್ನೋದು ನೋಡಬೇಕು. ಓರೆಗಾನ್ ರಾಜ್ಯದ ಟ್ರೇಗರ್ ಕಂಪನಿಗೆ 1986ರಲ್ಲಿ ಪೇಟೆಂಟ್ ಸಿಕ್ತು. ಇಪ್ಪತ್ತು ವರ್ಷ ಆ ಪ್ಯಾಟಿ ಅವರದ. 2006ರಲ್ಲಿ ಪೇಟೆಂಟ್ ಮುಗಿದ ಮ್ಯಾಲ ಪಿಟ್ ಬಾಸ್, ಕ್ಯಾಂಪ್ ಶೆಫ್, ಗ್ರೀನ್ ಮೌಂಟನ್ ಅಂತ ಒಂದರ ಹಿಂದ ಒಂದು ಇಳದ್ವು. ರೇಟೂ ಇಳೀತು. ಕೋವಿಡ್ ಕಾಲದಾಗ ಮಂದಿ ಮನ್ಯಾಗ ಕುಂತಾಗ ಭರಪೂರ ಮಾರಾಟ ಆತು. ಅದ ಹುರುಪಿನಾಗ 2021ರಲ್ಲಿ ಟ್ರೇಗರ್ ನ್ಯೂಯಾರ್ಕ್ ಷೇರುಪೇಟೆಗೆ ಬಂತು, ಅದ ವರ್ಷ ವೆಬರ್ ಸೈತ ಬಂತು. 2022ಕ್ಕ ಬೇಡಿಕಿ ಕುಸೀತು. ಒಮ್ಮೆ ತಗೊಂಡ ಗ್ರಿಲ್ ಹತ್ತು ವರ್ಷ ಬಾಳಿಕಿ ಬರತೈತಿ, ಮತ್ತ ಯಾರು ತಗೋತಾರ? ವೆಬರ್ 2023ರಲ್ಲಿ ಷೇರುಪೇಟೆಯಿಂದ ಹೊರಗೂ ಬಂತು.

ಅಂದ್ರ ಒಮ್ಮೆ ಮಾರಿದ ಮ್ಯಾಲ ವರ್ಷಾವರ್ಷ ರೊಕ್ಕ ತರೋದು ಪೆಲೆಟ್ ಚೀಲ, ಮಷೀನ್ ಅಲ್ಲ.

ಅನಗೋಳ ನಾಕಾ
ವೆಬರ್‌ನವರ ಸ್ಮೋಕ್‌ಫೈರ್ ಮರೀಬ್ಯಾಡ್ರಿ. 2020ರಲ್ಲಿ ಬಂತು. ಪೆಲೆಟ್ ಗ್ರಿಲ್‌ನಾಗೂ ಕರಿ ಅಂಚು ಬರಲಿ ಅಂತ ಉರಿ ತಡಿಯೋ ದೊಡ್ಡ ಪತ್ರಾ ತಗದು, ಜೋರು ಶಾಖಕ್ಕ ಮಾಡಿದ್ರು. ವಿಚಾರ ಬರೋಬರಿ ಇತ್ತು. ಆದ್ರ ಮೊದಮೊದಲಿನ ಗಿರಾಕಿಗಳಿಂದ ಎರಡು ದೂರು ಬಂದ್ವು. ಹಾಪರ್‌ನ ಇಳಿಜಾರು ಸಾಲದಕ್ಕ ಪೆಲೆಟ್ ಅಂಚಿನಾಗ ನಿಂತು ನಡುವ ಪೊಳ್ಳಾಗಿ ಆಗರ್ ಖಾಲಿ ತಿರುಗೋದು ಒಂದು. ಕೆಳಗ ಕೂಡಿದ ಬೂದಿಗೆ ಜಿಡ್ಡು ಬೆರೆತು ಬೆಂಕಿ ಹತ್ತೋದು ಇನ್ನೊಂದು. ಬರಬರತ ಸುಧಾರಿಸಿದ್ರು, ಕಡೀಕ 2024ರಲ್ಲಿ ಸೀರ್‌ವುಡ್ ಅನ್ನೋ ಬ್ಯಾರೆ ಮಾಡೆಲ್ ತಂದ್ರು. ಹೊಸ ವಿಚಾರದ ಮಷೀನ್ ಮೊದಲ ಸಾಲಿನಾಗ ಹೆಸರು ಕೆಡಿಸಿಕೊಂಡ್ರ ರಿಪೇರಿ ಮಾಡಿದ ಮ್ಯಾಲೂ ಆ ಹೆಸರು ಹೋಗಾಂಗಿಲ್ಲ.

ಮಾಸ್ತರ, ನಿಮ್ಮ ಹಾಪರ್ ಇಳಿಜಾರು ಎಷ್ಟು ಡಿಗ್ರಿ?

ಲೇತ್ ಮಾಸ್ತರ
@ಅನಗೋಳ ನಾಕಾ ಈಗ 35 ಡಿಗ್ರಿ ಐತ್ರಿ.

ಅನಗೋಳ ನಾಕಾ
ಸಾಲಾಂಗಿಲ್ಲ. ನಾಕೂ ಕಡೆ 45ರ ಮ್ಯಾಲ ಇರಲಿ, 50 ಆದ್ರ ಛಲೋ. ಮೂಲಿ ಚೌಕ ಬಿಡಬ್ಯಾಡ್ರಿ, ದುಂಡಗ ಬಗ್ಗಿಸ್ರಿ. ಒಳಗ ಪೇಂಟ್ ಹಚ್ಚಬ್ಯಾಡ್ರಿ, ನುಣುಪು ಪತ್ರಾನ ಇರಲಿ. ಪೆಲೆಟ್ ಪುಡಿ ಕೂಡಿದಂಗ ಜಾರಿಕಿ ಕಮ್ಮಿ ಆಗತೈತಿ, ಆ ಲೆಕ್ಕಾನೂ ಇಟಗೊಬೇಕು.

ಗುಮ್ಮಟದೂರು
ಪೆಲೆಟ್‌ಗೆ ಏನು ಕಮ್ಮಿ? ಶೇಂಗಾ ಹೊಟ್ಟು, ತೊಗರಿ ಕಟ್ಟಿಗಿ, ಸೋಯಾ ಹೊಟ್ಟು, ಹತ್ತಿ ಕಟ್ಟಿಗಿ ನಮ್ಮ ಜಿಲ್ಲಾದಾಗ ಬೇಕಾದಷ್ಟು ಐತಿ. ಬಾಯ್ಲರ್‌ಗೆ 8 ಮಿಮೀ ಪೆಲೆಟ್ ಮಾಡೋ ಘಟಕಗಳೂ ಅದಾವ. ಅದನ್ನ ಹಾಕಿದ್ರಾತು.

ಸಾಮಿಲ್ ಬಾಬು
ಹಾಕಬ್ಯಾಡ್ರಿ! ಬಾಯ್ಲರ್ ಪೆಲೆಟ್ ಬ್ಯಾರೆ, ಅಡಗಿ ಪೆಲೆಟ್ ಬ್ಯಾರೆ. ಬಾಯ್ಲರ್‌ನಾಗ ಹೊಗಿ ಕೊಳವಿಯೊಳಗ ಹೋಗತೈತಿ. ಗ್ರಿಲ್‌ನಾಗ ಹೊಗಿ ಸೀದಾ ಮಾಂಸಕ್ಕ ಹತ್ತತೈತಿ.

ಮೊದಲ ಬೂದಿ ನೋಡೋಣ. ತೊಗಟಿ ತಗದ ಗಟ್ಟಿ ಕಟ್ಟಿಗಿ ಪೆಲೆಟ್‌ನಾಗ ಬೂದಿ 1 ಶೇಕಡಾದ ಒಳಗ. ಶೇಂಗಾ ಹೊಟ್ಟು, ಹತ್ತಿ ಕಟ್ಟಿಗಿ ಅಂದ್ರ 3ರಿಂದ 6 ಶೇಕಡಾ, ಮಣ್ಣು ಹತ್ತಿದ್ರ ಇನ್ನೂ ಜಾಸ್ತಿ. ಭತ್ತದ ಹೊಟ್ಟು ಕೇಳಲೇಬ್ಯಾಡ್ರಿ, 18–20. ಗ್ರಿಲ್ ಬಟ್ಟಲಾ ಒಂದು ಚಾದ ಲೋಟಕ್ಕಿಂತ ಸ್ವಲ್ಪ ದೊಡ್ಡದು ಅಷ್ಟ. 5 ಶೇಕಡಾ ಬೂದಿ ಪೆಲೆಟ್ 4 ಕೆಜಿ ಸುಟ್ಟರ 200 ಗ್ರಾಂ ಬೂದಿ. ಫ್ಯಾನ್ ಒಂದಷ್ಟು ಹಾರಿಸಿ ಮಾಂಸದ ಮ್ಯಾಲ ಉದರಸತೈತಿ, ಉಳಿದದ್ದು ಬಟ್ಟಲಿನ ತೂತು ಮುಚ್ಚಿ ಬೆಂಕಿ ಆರಸತೈತಿ. ಬೆಳಿ ಕಟ್ಟಿಗಿಯೊಳಗ ಪೊಟ್ಯಾಶ್ ಜಾಸ್ತಿ ಇರೋದಕ್ಕ ಬೂದಿ ಕರಗಿ ಗಾಜಿನಂಥ ಗಟ್ಟಿ ಆಗತೈತಿ, ಕ್ಲಿಂಕರ್ ಅಂತಾರಲ್ಲ, ಅದು. ಉಳಿ ಹಚ್ಚಿ ಕೆತ್ತಬೇಕು.

ಇನ್ನ ಹತ್ತಿ ಕಟ್ಟಿಗಿ. ಹತ್ತಿಗೆ ಎಷ್ಟು ಸಲ ಕೀಟನಾಶಕ ಎಣ್ಣಿ ಹೊಡೀತಾರ ಅನ್ನೋದು ಎಲ್ಲಾರಿಗೂ ಗೊತ್ತೈತಿ. ಅದರ ಹೊಗ್ಯಾಗ ಊಟ ಬೇಯಿಸಬಾರದು. ಹಂಗ ಸಾಮಿಲ್ ಪುಡಿ ಅಂತ ಪ್ಲೈವುಡ್, ಎಂಡಿಎಫ್ ಕೊಯ್ದ ಪುಡಿ ಬೆರೆಸೋವರದಾರ. ಅದರಾಗಿನ ಅಂಟು ಫಾರ್ಮಾಲ್ಡಿಹೈಡ್‌ದು. ಪುಡಿ ತಗೊಳ್ಳುವಾಗ ಬರೇ ದಿಮ್ಮಿ ಕೊಯ್ಯೋ ಮಷೀನ್ ಕೆಳಗಿಂದ ಬರಲಿ.

ಕೃಷ್ಣಾ ತೀರ
ತಿಕೋಟಾ ಕಡೆ ದ್ರಾಕ್ಷಿ ಚಾಟ್ನಿ ಮಾಡಿದ ಕಡ್ಡಿ ರಾಶಿ ಬೀಳತೈತಿ. ಯುರೋಪಿನಾಗ ದ್ರಾಕ್ಷಿ ಬಳ್ಳಿ ಕೆಂಡದಾಗ ಮಾಂಸ ಸುಡೋದು ಹಳೇ ಪದ್ಧತಿ.

ಸಾಮಿಲ್ ಬಾಬು
@ಕೃಷ್ಣಾ ತೀರ ನಮ್ಮ ದ್ರಾಕ್ಷಿಗೆ ತಾಮ್ರದ ಬೋರ್ಡೊ ದ್ರಾವಣ, ಶಿಲೀಂಧ್ರನಾಶಕ ಎಷ್ಟು ಸಲ ಬೀಳತಾವ ಎಣಿಸ್ರಿ. ತೊಗಟಿ ಮ್ಯಾಲ ತಾಮ್ರ ಕುಂತಿರತೈತಿ, ಸುಟ್ಟರೂ ಬೂದಿಯೊಳಗ ಉಳೀತೈತಿ. ಬಾಯ್ಲರ್‌ಗೆ ಕೊಡ್ರಿ, ಅಡಗಿಗೆ ಬ್ಯಾಡ.

ನಮ್ಮ ಕಡೆ ಛಲೋ ಕಟ್ಟಿಗಿ ಅಂದ್ರ ಜಾಲಿ, ಮಾವು, ಹುಣಸಿ. ಬಳ್ಳಾರಿ ಜಾಲಿ ಇನ್ನೂ ಛಲೋ. ಅಮೆರಿಕಾದವರು ಮೆಸ್ಕೀಟ್ ಅಂತ ರೊಕ್ಕ ಕೊಟ್ಟು ತಗೋತಾರಲ್ಲ, ಬಳ್ಳಾರಿ ಜಾಲಿ ಅದ ಪ್ರೊಸೋಪಿಸ್ ಜಾತಿದು. ಹೊಲದ ಬದುವಿನ ಮ್ಯಾಲ ತಾನ ಬೆಳೀತೈತಿ, ಕಡದಂಗ ಚಿಗರತೈತಿ. ಹೊಗಿ ಖಾರ ಇರತೈತಿ, ಅದಕ್ಕ ಮಾವಿನ ಪುಡಿ ಅರ್ಧ ಬೆರೆಸಬೇಕು. ಬೇವು ಬ್ಯಾಡ, ಹೊಗಿ ಕಹಿ.

ಕುಂದಾ ಪ್ರೇಮಿ
ಹಂಗಾದ್ರ ಇದರಾಗ ಕುಂದಾ ಆಗತೈತೇನ್ರಿ? 😀

ಖಡಕ್ ರೊಟ್ಟಿ
@ಕುಂದಾ ಪ್ರೇಮಿ ಹಾಲು, ಖವಾ ಹೊಗಿ ಹಿಡಿಯೋದು ಗೊತ್ತಿಲ್ಲೇನ? ಹೊಗಿ ಹತ್ತಿದ ಕುಂದಾ ಬೆಳಗಾವಿಯೊಳಗ ಯಾರೂ ಮೂಸಿ ನೋಡಾಂಗಿಲ್ಲ. ಕೈಯಾಡಿಸಲಾರದ ಕುಂದಾ ಎಲ್ಲ್ಯಾದ್ರೂ ಆದೀತ?

ಕುಂದಾ ಪ್ರೇಮಿ
ಎಳೆ ಜ್ವಾಳದ ತೆನಿ ಸುಟ್ಟ ಸೀತನಿ ಆದ್ರ ಆಗಬಹುದು.

ಖಡಕ್ ರೊಟ್ಟಿ
ಸೀತನಿಗೆ ಕುಳ್ಳಿನ ಕೆಂಡಾನ ಬೇಕು. ವಿಷಯಕ್ಕ ಬರ್ರಿ.

ನವನಗರ ಇಲೆಕ್ಟ್ರಿಕಲ್
ಅಮೆರಿಕದಿಂದ ಸಂಬಂಧಿಕರ ಕೈಯಲ್ಲಿ ಬಿಡಿಭಾಗ ತರಿಸಿ ಜೋಡಿಸುವವರಿಗೆ ಒಂದು ಎಚ್ಚರಿಕೆ. ಅಲ್ಲಿಯ ಸರಬರಾಜು 120 ವೋಲ್ಟ್, 60 ಹರ್ಟ್ಸ್. ಅಲ್ಲಿಯ ಹೀಟರ್ ರಾಡನ್ನು ನಮ್ಮ 230 ವೋಲ್ಟಿಗೆ ನೇರ ಕೊಟ್ಟರೆ ಸುಮಾರು ಮೂರೂವರೆ ಪಟ್ಟು ಶಕ್ತಿ ಎಳೆದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಹಳೆಯ ಮಾದರಿಗಳ ಎಸಿ ಸಿಂಕ್ರೊನಸ್ ಮೋಟರ್ ಅಲ್ಲಿ ನಿಮಿಷಕ್ಕೆ 2 ಸುತ್ತು ತಿರುಗುತ್ತಿದ್ದರೆ ಇಲ್ಲಿ 1.67 ಸುತ್ತು. ಪೆಲೆಟ್ ಆರನೇ ಒಂದು ಭಾಗ ಕಡಿಮೆ ಬೀಳುತ್ತದೆ. 15 ಸೆಕೆಂಡ್ ಚಾಲೂ, 65 ಸೆಕೆಂಡ್ ಬಂದ್ ಎಂಬಂಥ ಹಳೆ ಟೈಮರ್ ಪದ್ಧತಿಯ ಕಂಟ್ರೋಲರಿಗೆ ಇದು ತಿಳಿಯುವುದೇ ಇಲ್ಲ, ಕಡಿಮೆ ಶಾಖದಲ್ಲಿ ಬೆಂಕಿ ಆರಿಹೋಗುತ್ತದೆ. ಆ ದೃಷ್ಟಿಯಿಂದ ಮಾಸ್ತರರು 24 ವೋಲ್ಟ್ ಡಿಸಿ ಮೋಟರ್ ಆರಿಸಿದ್ದು ಸರಿ.

ಕರೆಂಟ್ ಹೋಗುವ ಪ್ರಶ್ನೆಯೂ ಇದೆ. ಹೊತ್ತಿಸುವಾಗ ರಾಡ್ 200–300 ವ್ಯಾಟ್ ಎಳೆಯುತ್ತದೆ, ಅದೂ ನಾಲ್ಕೈದು ನಿಮಿಷ ಮಾತ್ರ. ಆಮೇಲೆ ಫ್ಯಾನ್, ಮೋಟರ್, ಕಂಟ್ರೋಲರ್ ಸೇರಿ 50 ವ್ಯಾಟ್ ದಾಟುವುದಿಲ್ಲ. ಹೋಟೆಲಿನ ಮಾಮೂಲಿ ಇನ್ವರ್ಟರಿಗೆ ಭಾರವಲ್ಲ. ಆದರೆ ಇನ್ವರ್ಟರ್ ಇಲ್ಲದ ಕಡೆ ಮಾರಬೇಡಿ. ಅರ್ಧದಲ್ಲಿ ಫ್ಯಾನ್ ನಿಂತರೆ ಬೆಂಕಿ ಗಾಳಿ ಹುಡುಕುತ್ತ ಆಗರ್ ಕೊಳವೆಯೊಳಗೆ ಹಿಂದಕ್ಕೆ ಸರಿಯುತ್ತದೆ, ಹಾಪರ್ ತನಕ ಹೋಗಬಹುದು.

ಅನಗೋಳ ನಾಕಾ
ಅದಕ್ಕ ಆಗರ್ ಕೊಳವಿ ಹಾಪರ್ ಕಡೆ ಏರು ಇರಬಾರದು. ಬಂದ್ ಮಾಡುವಾಗ ಫ್ಯಾನ್ 10 ನಿಮಿಷ ತಿರುಗಿ ಬಟ್ಟಲಿನಾಗಿನ ಪೆಲೆಟ್ ಪೂರಾ ಸುಟ್ಟ ಮ್ಯಾಲ ನಿಲ್ಲಬೇಕು. ಸೀದಾ ಸ್ವಿಚ್ ತಗದ್ರ ಇದ ಗತಿ.

ಖಾನಾವಳಿ ಲೆಕ್ಕ
ಎಲ್ಲಾರೂ ಮಷೀನ್ ಬಗ್ಗೆನ ಮಾತಾಡಾಕತ್ತೀರಿ. ಈ ಆಟ ನಮ್ಮ ದೇಶದಾಗ ಒಮ್ಮೆ ಆಡಿ ಮುಗದೈತಿ, ಅದನ್ನ ಯಾರೂ ತಗೀಲಿಲ್ಲ.

ಊರ್ಜಾ ಒಲಿ ನೆನಪೈತೇನು? ಬೆಂಗಳೂರಿನ ಐಐಎಸ್‌ಸಿ ತಂತ್ರಜ್ಞಾನ, ರೊಕ್ಕ ಬಿಪಿ ಕಂಪನಿದು. 2006ರ ಸುಮಾರಿಗೆ ಪ್ಯಾಟಿಗೆ ಬಂತು. ಪೆಲೆಟ್ ಹಾಕೋ ಸಣ್ಣ ಒಲಿ, ತಳಕ್ಕ ಚಾರ್ಜ್ ಮಾಡೋ ಬ್ಯಾಟರಿ ಮ್ಯಾಲ ನಡಿಯೋ ಫ್ಯಾನ್. ಹೊಗಿ ಭಾಳ ಕಮ್ಮಿ, ಉರಿ ನೀಲಿ ಕಡೆ ವಾಲತಿತ್ತು. 4 ಲಕ್ಷಕ್ಕೂ ಹೆಚ್ಚು ಒಲಿ ಮಾರಿದ್ರು. 2009ರಲ್ಲಿ ಪುಣೆಯ ಫಸ್ಟ್ ಎನರ್ಜಿ ಅದನ್ನ ತಗೊಂತು. ಒಲಿ ಕೆಟ್ಟದ್ದಿರಲಿಲ್ಲ. ಪೆಲೆಟ್ ಮಾಡೋ ಕಚ್ಚಾಮಾಲಿಗೆ, ಅಂದ್ರ ಬಗ್ಯಾಸ್ (ಕಬ್ಬಿನ ಸಿಪ್ಪಿ), ಹೊಟ್ಟು ಇಂಥಾವಕ್ಕ ಕಾರ್ಖಾನಿ ಬಾಯ್ಲರ್‌ನವರೂ ಕೈ ಹಾಕಿದ್ರು. ಕಚ್ಚಾಮಾಲ್ ರೇಟ್ ಏರಿತು, ಪೆಲೆಟ್ ರೇಟ್ ಏರಿತು. ಇತ್ತ ಮನಿ ಗ್ಯಾಸಿಗೆ ಸಬ್ಸಿಡಿ. ಹಳ್ಳಿ ಮನಿಯಾಕಿ ಒಲಿ ಮೂಲಿಗಿಟ್ಟಳು, ಕಂಪನಿ ಮನಿ ಬಿಟ್ಟು ಹೋಟೆಲ್, ಕಾರ್ಖಾನಿ ಕಡೆ ಹೊಳ್ಳಿತು.

ಈಗ ನಮ್ಮ ಜಿಲ್ಲಾ ನೋಡ್ರಿ. ಬೆಳಗಾವಿ, ಬಾಗಲಕೋಟ್ಯಾಗ ಸಕ್ಕರಿ ಕಾರ್ಖಾನಿ ಎಷ್ಟದಾವ? ಬಗ್ಯಾಸ್ ಎಲ್ಲಾ ಅವರ ಬಾಯ್ಲರಿಗೆ, ಕರೆಂಟ್ ಮಾಡಾಕ ಹೋಗತೈತಿ. ಮ್ಯಾಲ 2021ರ ನೀತಿ ಪ್ರಕಾರ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜೋಡಿ 5 ಶೇಕಡಾ ಬೆಳಿ ತ್ಯಾಜ್ಯದ ಪೆಲೆಟ್ ಸುಡಬೇಕು ಅಂತ ಆಗಿತ್ತು. ಕೂಡಗಿಯಂಥ 2400 ಮೆಗಾವ್ಯಾಟ್ ಸ್ಥಾವರ ವಿಜಯಪುರ ಜಿಲ್ಲಾದಾಗ ಐತಿ. ಇಂಥಾ ಸ್ಥಾವರ ಖರೀದಿಗೆ ನಿಂತ್ರ ಸಣ್ಣ ಪೆಲೆಟ್ ಗಿರಾಕಿ ಕೈಗೆ ಏನು ಸಿಗತೈತಿ? ಅದಕ್ಕ ಹೇಳೋದು, ಗ್ರಿಲ್ ಮಾರೋವರು ಪೆಲೆಟ್ ತಾವ ಮಾಡಬೇಕು. ಇಲ್ಲಾ ಈ ಧಂಧೆಕ್ಕ ಇಳೀಬಾರದು.

ಗುಮ್ಮಟದೂರು
@ಖಾನಾವಳಿ ಲೆಕ್ಕ ಊರ್ಜಾ ಬಡವರ ಮನಿ ಒಲಿ. ಗ್ರಿಲ್ ರೊಕ್ಕ ಇದ್ದವರ ಶೋಕಿ. ಎರಡಕ್ಕೂ ಒಂದ ಲೆಕ್ಕ ಹಚ್ಚಿದ್ರ ಹೆಂಗ? ಪೆಲೆಟ್ ಕೆಜಿಗೆ ಐದು ರೂಪಾಯಿ ಏರಿದ್ರ ಗ್ರಿಲ್ ಇದ್ದಾವ ಗ್ರಿಲ್ ಬಿಡಾಂಗಿಲ್ಲ.

ಖಾನಾವಳಿ ಲೆಕ್ಕ
ರೇಟ್ ಏರಿದ್ರ ಬಿಡಾಂಗಿಲ್ಲ, ಖರೆ. ಮಾಲ್ ಸಿಗಲಿಲ್ಲಂದ್ರ? ಇದ್ದಲಿ ಇಲ್ಲದಿದ್ರ ಕಟ್ಟಿಗಿ ಹಾಕಬಹುದು, ಕಟ್ಟಿಗಿ ಇಲ್ಲದಿದ್ರ ಕುಳ್ಳು. ಪೆಲೆಟ್ ಗ್ರಿಲ್‌ಗೆ 6 ಮಿಮೀ ಪೆಲೆಟ್ ಬಿಟ್ಟು ಬ್ಯಾರೆ ಏನೂ ಹಾಕಾಕ ಬರಾಂಗಿಲ್ಲ. ಐತವಾರ 80 ಮಂದಿಗೆ ಮಟನ್ ಹೇಳಿದ ಖಾನಾವಳಿಯವ ಚೀಲ ಖಾಲಿ ಅಂದ್ರ ಏನು ಮಾಡಬೇಕು?

ಲೇತ್ ಮಾಸ್ತರ
ಪೆಲೆಟ್ ಇಲ್ಲೇ ಮಾಡೋದಾದ್ರ ಏನೇನು ಬೇಕು?

ಸಾಮಿಲ್ ಬಾಬು
ಸಣ್ಣ ಮಟ್ಟಿಗೆ 15 ಎಚ್‌ಪಿ ಫ್ಲಾಟ್ ಡೈ ಮಷೀನ್, ಅಂದ್ರ ತೂತಿನ ಚಪ್ಪಟಿ ಅಚ್ಚಿನಾಗ ಪುಡಿ ಒತ್ತೋದು. ಮಾರೋವರು ಗಂಟೆಗೆ 200 ಕೆಜಿ ಅಂತಾರ, ಅದು ಹೊಟ್ಟಿನ ಲೆಕ್ಕ. ಜಾಲಿಯಂಥ ಗಟ್ಟಿ ಕಟ್ಟಿಗಿಗೆ 100 ದಾಟೋದೂ ಕಷ್ಟ. ಕಟ್ಟಿಗಿ ಮೊದಲ ಚಿಪ್ಪರ್‌ನಾಗ ಚಕ್ಕಿ ಮಾಡಿ, ಬಿಸಲಾಗ ಒಣಗಿಸಿ, ಹ್ಯಾಮರ್ ಮಿಲ್‌ನಾಗ 4 ಮಿಮೀ ಜಾಳಗಿ ಹಾಕಿ ಪುಡಿ ಮಾಡ್ರಿ. ಡೈಗೆ ಹೋಗೋ ಪುಡಿಯೊಳಗ ತೇವ 10–12 ಶೇಕಡಾ ಇರಬೇಕು. 8ಕ್ಕ ಇಳದ್ರ ಡೈ ಕಟ್ಟಿ ಮೋಟರ್ ಟ್ರಿಪ್ ಆಗತೈತಿ, 15 ದಾಟಿದ್ರ ಪೆಲೆಟ್ ಮೆತ್ತಗಾಗಿ ಉಬ್ಬಿ ಬರತಾವ. ಅಂಟು ಏನೂ ಹಾಕಬ್ಯಾಡ್ರಿ, ಕಟ್ಟಿಗಿಯೊಳಗಿನ ಲಿಗ್ನಿನ್ನ ಆ ಕಾವಿಗೆ ಮೆತ್ತಗಾಗಿ ಹಿಡೀತೈತಿ.

ಭಾಳ ಮಂದಿ ಎಡವೋದು ಮುಂದಿನ ಹಂತದಾಗ. ಡೈಯಿಂದ ಹೊರಗ ಬಂದ ಪೆಲೆಟ್ 80–90 ಡಿಗ್ರಿ ಇರತೈತಿ. ಬಿಸಿ ಬಿಸಿ ಚೀಲಕ್ಕ ತುಂಬಿದ್ರ ಒಳಗ ಬೆವತು ಬೂಸರ ಹಿಡೀತೈತಿ. ಜಾಳಗಿ ಮ್ಯಾಲ ಹರವಿ, ಗಾಳಿ ಬಿಟ್ಟು, ಪೂರಾ ತಣ್ಣಗ ಆದ ಮ್ಯಾಲ ಜರಡಿ ಹಿಡಿದು ಪುಡಿ ತಗೀರಿ. ಆಮ್ಯಾಲ ಚೀಲ, ಒಳಗ ಪ್ಲಾಸ್ಟಿಕ್ ಹಾಳಿ ಇರಲಿ.

ಗುಣಮಟ್ಟ ನೋಡೋದು ಸರಳ ಐತಿ. ಒಂದು ಲೀಟರ್ ಮಾಪಿನಾಗ ತುಂಬಿ ತೂಗಿದ್ರ 650 ಗ್ರಾಂ ಹತ್ತರ ಬರಬೇಕು. ಮುರಿದ್ರ ಟಕ್ ಅನ್ನಬೇಕು. ನೀರಿಗೆ ಹಾಕಿದ್ರ ಮುಳುಗಬೇಕು, ತೇಲಿದ್ರ ಒತ್ತಡ ಸಾಲಿಲ್ಲ ಅಂತ ಅರ್ಥ.

ಘಟಪ್ರಭಾ ದಂಡಿ
ಬೆಳಗಾವಿ ಮಳಿ ಬಗ್ಗೆ ಹೇಳ್ರಿ ಇವರಿಗೆ. ಜೂನ್‌ದಿಂದ ಸೆಪ್ಟೆಂಬರ್ ತನಕ ಹಾಪರ್‌ನಾಗ ರಾತ್ರಿ ಪೆಲೆಟ್ ಬಿಟ್ಟರ ಮುಗೀತು. ತೇವ ಕುಡದು ಉಬ್ಬಿ, ಪುಡಿಯಾಗಿ, ಆಗರ್‌ನಾಗ ಸಿಮೆಂಟ್‌ನಂಗ ಗಟ್ಟಿ ಆಗತೈತಿ. ವಿಜಯಪುರ, ಬಾಗಲಕೋಟಿ ಒಣ ಹವಾಕ್ಕ ಇಷ್ಟು ತ್ರಾಸಿಲ್ಲ. ಮೊದಲ ಮಾರಾಟ ಅಲ್ಲೇ ಶುರು ಮಾಡೋದು ಛಲೋ.

ನವನಗರ ಇಲೆಕ್ಟ್ರಿಕಲ್
ಆಗರ್ ಜಾಮ್ ಆದಾಗ ಜನ ಸುತ್ತಿಗೆಯಿಂದ ಬಡಿಯುತ್ತಾರೆ, ಸ್ಕ್ರೂ ಬಾಗುತ್ತದೆ. ಕರೆಂಟ್ ತೆಗೆದು, ಹಾಪರ್ ಖಾಲಿ ಮಾಡಿ, ಮೋಟರ್ ಶಾಫ್ಟಿನ ಶಿಯರ್ ಪಿನ್ ಬಿಚ್ಚಿ, ಆಗರ್ ತುದಿಯನ್ನು ಪೈಪ್ ಪಾನಾದಲ್ಲಿ ಹಿಡಿದು ಹಿಂದುಮುಂದು ತಿರುಗಿಸಿ ಸಡಿಲಿಸಬೇಕು. ಪಿನ್ ಮುರಿದಿದ್ದರೆ ಅದರ ಜಾಗಕ್ಕೆ ಹೈ ಟೆನ್ಸೈಲ್ ಬೋಲ್ಟ್ ಹಾಕಬಾರದು. ಪಿನ್ ಇರುವುದೇ ಮುರಿಯಲಿಕ್ಕೆ. ಅದು ಮುರಿಯದಿದ್ದರೆ ಗೇರ್‌ಬಾಕ್ಸ್ ಹಲ್ಲು ಹೋಗುತ್ತದೆ.

ಬೆಂಕಿ ನಡುವೆ ಆರಿದ್ದರೆ ಹಾಗೆಯೇ ಮತ್ತೆ ಚಾಲೂ ಮಾಡುವುದು ಎಲ್ಲಕ್ಕಿಂತ ಅಪಾಯ. ಕಂಟ್ರೋಲರ್ ಶಾಖ ಬಿದ್ದಿದ್ದು ನೋಡಿ ಪೆಲೆಟ್ ಸುರಿದೇ ಸುರಿದಿರುತ್ತದೆ, ಬಟ್ಟಲು ತುಂಬಿ ತುಳುಕುತ್ತಿರುತ್ತದೆ. ಅದು ಒಮ್ಮೆಲೇ ಹೊತ್ತಿದರೆ ದಟ್ಟ ಬಿಳಿ ಹೊಗೆ ಕೂಡಿ ಢಬ್ ಎಂದು ಮುಚ್ಚಳ ಹಾರುತ್ತದೆ. ಜಾಳಗಿ, ತಟ್ಟೆ ತೆಗೆದು ಬಟ್ಟಲು ಖಾಲಿ ಮಾಡಿ, ಆಮೇಲೆ ಮುಚ್ಚಳ ತೆರೆದಿಟ್ಟೇ ಹೊತ್ತಿಸಬೇಕು. ಮಾಸ್ತರರು ಕಂಟ್ರೋಲರಿನಲ್ಲಿ ಒಂದು ಸಾಲು ಸೇರಿಸಲಿ: ಶಾಖ 50 ಡಿಗ್ರಿಗಿಂತ ಕೆಳಗಿಳಿದು 10 ನಿಮಿಷ ಏರದಿದ್ದರೆ ಆಗರ್ ನಿಲ್ಲಿಸಿ ಗಂಟೆ ಬಾರಿಸು. ಆ್ಯಪ್, ವೈಫೈ ಎಲ್ಲ ಆಮೇಲೆ.

ಖಡಕ್ ರೊಟ್ಟಿ
ವೈಫೈ ಬ್ಯಾಡೇ ಬ್ಯಾಡ. ಅಡಗಿಮನಿ ಹುಡುಗ ಎಣ್ಣಿ ಕೈಲೆ ತಿರುಗಿಸೋ ಒಂದು ದಪ್ಪ ಗುಂಡಿ ಇದ್ರ ಸಾಕು.

ಖಾನಾವಳಿ ಲೆಕ್ಕ
ಹೋಟೆಲ್ ಲೆಕ್ಕ ಹಾಕೋಣ. ಕಮ್ಮಿ ಶಾಖದಾಗ ತಾಸಿಗೆ ಅರ್ಧ ಕೆಜಿ, ಜೋರಿನಾಗ ಒಂದೂವರಿ ಕೆಜಿ ಪೆಲೆಟ್ ಹೋಗತೈತಿ. ದಿನಕ್ಕ 8 ತಾಸು ನಡದ್ರ ಹೆಚ್ಚಂದ್ರ 12 ಕೆಜಿ. ಕೆಜಿಗೆ 25 ರೂಪಾಯಿ ಹಿಡಿದ್ರೂ 300 ರೂಪಾಯಿ. ಉರಿ ದೊಡ್ಡ ಖರ್ಚಲ್ಲ. ಗ್ಯಾಸಿನ ಜೋಡಿ ಹೋಲಸೋವರಿಗೆ: 19 ಕೆಜಿ ಸಿಲಿಂಡರಿನ ಶಾಖಕ್ಕ 50 ಕೆಜಿ ಮ್ಯಾಲ ಪೆಲೆಟ್ ಬೇಕು. ಆದ್ರ ಗ್ಯಾಸ್ ಉಳಸಾಕ ಅಂತ ಇದನ್ನ ಮಾರಬ್ಯಾಡ್ರಿ. ಅದಕ್ಕ ಪೆಲೆಟ್ ಭಟ್ಟಿ ಬ್ಯಾರೆ ಅದಾವ, ಸೋವಿನೂ ಅದಾವ.

ಇದು ಉಳಸೋದು ಆಳಿನ ಕೆಲಸ. ಸಾವಜಿ ಖಾನಾವಳಿ ಬಿಡ್ರಿ, ಅವರದು ರಸದ ಅಡಗಿ, ಅವರಿಗೆ ಬೇಕಾಗಿಲ್ಲ. ಪುಣೆ–ಬೆಂಗಳೂರು ಹೈವೇ ಮ್ಯಾಲಿನ ದೊಡ್ಡ ಧಾಬಾ, ರಿಸಾರ್ಟ್, ಮದುವಿ ಕೇಟರಿಂಗ್‌ನವರು, ಇವರನ್ನ ಹಿಡೀರಿ. ಕುರಿ ತೊಡಿ ಮುಂಜಾನೆ ಇಟ್ಟರ ಮಧ್ಯಾಹ್ನಕ್ಕ ಎಲುಬು ಬಿಟ್ಟಿರತೈತಿ, ನಡುವ ಯಾರೂ ಮುಟ್ಟಬೇಕಾಗಿಲ್ಲ. 60 ಸಾವಿರಕ್ಕ ಮಾರೋ ಬದಲಿ ತಿಂಗಳ ಬಾಡಿಗಿಗೆ ಕೊಟ್ಟು, ಪೆಲೆಟ್ ನಮ್ಮ ಹತ್ರಾನ ತಗೋಬೇಕು ಅಂತ ಕರಾರು ಮಾಡ್ರಿ. ಮೊದಲ ವರ್ಷ ಹತ್ತು ಮಷೀನ್ ಸಾಕು. ಪ್ರತಿ ಗಿರಾಕಿ ಕಡೆ ಎರಡು ವಾರದ ಪೆಲೆಟ್ ಮುಂಗಡ ಇರಲಿ.

ಗುಮ್ಮಟದೂರು
ಬಾಡಿಗಿ ಅಂದ್ರ ರಿಪೇರಿನೂ ವರ್ಕ್‌ಶಾಪ್ ತಲಿ ಮ್ಯಾಲ ಬರತೈತಿ. ವಿಜಯಪುರದಾಗ ಬಟ್ಟಲಾ ತೂತಾದ್ರ ಬೆಳಗಾವಿಯಿಂದ ಹುಡುಗನ್ನ ಕಳಸ್ತೀರೇನು? ಅದಕ್ಕ ಮಾರಿಬಿಡೋದ ಛಲೋ, ಬಿಡಿಭಾಗದ ಡಬ್ಬಿ ಜೋಡಿ ಕೊಡ್ರಿ.

ಖಾನಾವಳಿ ಲೆಕ್ಕ
ಮಾರಿದ್ರ ಗಿರಾಕಿ ಸೋವಿ ಸಿಗತೈತಂತ ಬಾಯ್ಲರ್ ಪೆಲೆಟ್ ಹಾಕತಾನ, ಬಟ್ಟಲಾ ಕ್ಲಿಂಕರ್ ಕಟ್ಟತೈತಿ, ಬೈಗುಳ ಮಷೀನಿಗೆ. ನಾ ಬಾಡಿಗಿನ ಅಂತೀನಿ.

ಲೇತ್ ಮಾಸ್ತರ
ಹಾಪರ್ 50 ಡಿಗ್ರಿಗೆ ಬದಲಿ ಆಗತೈತ್ರಿ. ಇನ್ನೊಂದು ಪ್ರಶ್ನೆ. ಜಿಡ್ಡಿನ ತಟ್ಟಿಗೆ ಜಿಐ (ಸತುವು ಲೇಪದ) ಪತ್ರಾ ನಡೀತೈತೇನು? 304 ಸ್ಟೇನ್ಲೆಸ್ ಸ್ಟೀಲ್ ಭಾಳ ತುಟ್ಟಿ ಬೀಳಾಕತ್ತೈತಿ.

ಅನಗೋಳ ನಾಕಾ
ಜಿಐ ಒಳಗ ಎಲ್ಲೂ ಹಾಕಬ್ಯಾಡ್ರಿ. ತಟ್ಟಿ ತಳ ಉರಿ ಬಾಜೂಕ ಐತಿ, ಕಾದ್ರ ಸತುವಿನ ಹೊಗಿ ಬಿಡತೈತಿ, ಮ್ಯಾಲ ಊಟ ಐತಿ. ತುಟ್ಟಿ ಆದ್ರ 2 ಮಿಮೀ ಸಾದಾ ಎಂಎಸ್ ಹಾಕಿ, ಎಣ್ಣಿ ಹಚ್ಚಿ 200 ಡಿಗ್ರಿಯೊಳಗ ಎರಡು ಸಲ ಕಾಸಿ ಕೊಡ್ರಿ, ಹಂಚು ಪಳಗಸ್ತಾರಲ್ಲ ಹಂಗ. ಇಳಿಜಾರು ಫೂಟಿಗೆ ಒಂದು ಇಂಚರ ಇರಲಿ, ಜಿಡ್ಡು ನಿಲ್ಲದಂಗ ಡಬ್ಬಿಗೆ ಹೋಗಬೇಕು. ಜಿಡ್ಡಿನ ಡಬ್ಬಿ ಬಾಡಿ ಹೊರಗ, ಹಾಪರಿಗೆ ಎದುರು ಕಡೆ ಇಡ್ರಿ.

ಲೇತ್ ಮಾಸ್ತರ
2 ಮಿಮೀ ಎಂಎಸ್, ಇಂಚು ಇಳಿಜಾರು. ಜಾಲಿ–ಮಾವಿನ ಪುಡಿ ಒಂದು ಕ್ವಿಂಟಲ್ ಎಲ್ಲಿ ಸಿಗಬಹುದು @ಸಾಮಿಲ್ ಬಾಬು?

ಸಾಮಿಲ್ ಬಾಬು
ಮಾವಿಂದು ಪ್ಯಾಕಿಂಗ್ ಪೆಟ್ಟಿಗಿ ಮಾಡೋ ಸಾಮಿಲ್‌ನಾಗ ಕೇಳ್ರಿ, ಅಲ್ಲಿ ಭಾಳ ಬರತೈತಿ. ಜಾಲಿ ಪುಡಿ ಸಿಗಾಂಗಿಲ್ಲ, ಅದನ್ನ ಯಾರೂ ಕೊಯ್ಯಾಂಗಿಲ್ಲ, ಸೀದಾ ಉರಿಗೆ ಹಾಕತಾರ. ಕಟ್ಟಿಗಿ ಅಡ್ಡೆದಾಗ ಒಣಗಿದ್ದು ತಗೊಂಡು ಚಿಪ್ಪರ್‌ಗೆ ಹಾಕಬೇಕು. ತೊಗಟಿ ಮೊದಲ ಸುಲೀರಿ.